ಫೋನಿನ ಆ ತುದಿಯಲ್ಲಿ ಲಾಲ್‌ಬೀ

ಹೋದ ತಿಂಗಳು ಲಿಂಗಸುಗೂರು ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಾತ ಮೊಬೈಲ್ ಹಿಡಿದು ಆಟ ತೋರಿಸುತ್ತಿದ್ದ. ಇಸ್ಪೀಟ್ ಎಲೆ ಹರವಿ, ಒಬ್ಬರ ಕೈಲಿ ಒಂದು ಎಲೆ ಮುಟ್ಟಿಸಿ, "ಈ ನಂಬರಿಗೆ ಫೋನ್ ಹಚ್ಚಿ ನಮ್ಮ ಗುರುಗಳನ್ನ ಕೇಳ್ರಿ, ನಿಮ್ಮ ಮನಸಿನ್ಯಾಗ ಇದ್ದದ್ದು ಹೇಳತಾರ" ಅಂದ. ಆ ಕಡೆಯಿಂದ ಎಲೆಯ ಹೆಸರು ಸರಿಯಾಗಿ ಬಂತು. ಜನ ಹೋ ಅಂದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ರೊಟ್ಟಿ ಬುಟ್ಟಿ ಎತ್ತಿಕೊಂಡು ಮನೆಗೆ ಬಂದೆ. ಆ ಆಟ ಈ ಸೀಮೆಯಲ್ಲಿ ಮೊದಲು ಕಟ್ಟಿದವಳು ಲಾಲ್‌ಬೀ. ಆಗ ಮೊಬೈಲ್ ಇರಲಿಲ್ಲ, ಗಾಜಿನ ಡಬ್ಬಿಯಂಥ ಎಸ್‌ಟಿಡಿ ಅಂಗಡಿ ಇತ್ತು. ಆಕೆಯ ಬಗ್ಗೆ ಯಾರೂ ಬರೆದಿಲ್ಲ. ಬರೆಯುವವರಿಗೆ ಆಕೆ ಗೊತ್ತೂ ಇಲ್ಲ. ಗೊತ್ತಿದ್ದ ನಾನೇ ಬರೆಯಬೇಕಾಯಿತು.

ಎಂಬತ್ತನಾಲ್ಕನೇ ಇಸವಿಯಲ್ಲಿ ಲಾಲ್‌ಬೀ ಮತ್ತು ಆಕೆಯ ಗಂಡ ಉಸ್ಮಾನ್‌ಸಾಬ್ ಬಸ್‌ಸ್ಟ್ಯಾಂಡಿನ ಹಿಂದಿನ ಸಾಲುಮನೆಗೆ ಬಾಡಿಗೆಗೆ ಬಂದರು. ನನ್ನ ಮನೆಗೂ ಅವರ ಮನೆಗೂ ಒಂದೇ ಗೋಡೆ. ಒಬ್ಬರು ಕೆಮ್ಮಿದರೆ ಇನ್ನೊಬ್ಬರಿಗೆ ಕೇಳುತ್ತಿತ್ತು. ಉಸ್ಮಾನ್‌ಸಾಬ್ ಜಾದೂಗಾರ. ಸಿಂಧನೂರು, ಮಸ್ಕಿ, ಬಳಗಾನೂರು, ಎಲ್ಲಿ ಸಂತೆಯೋ ಅಲ್ಲಿ ಡಬ್ಬಿ ಬಾರಿಸಿ ಜನ ಕೂಡಿಸುತ್ತಿದ್ದ. ಮೊಟ್ಟೆ ಮಾಯ ಮಾಡುವುದು, ಹಗ್ಗ ಕತ್ತರಿಸಿ ಕೂಡಿಸುವುದು ಇವೆಲ್ಲ ಮೊದಲಿಗೆ. ಕಡೆಗೆ ಲಾಲ್‌ಬೀಯ ಆಟ. ಆಕೆ ನೆಲದ ಮೇಲೆ ಅಂಗಾತ ಮಲಗಬೇಕು. ತಲೆಯಿಂದ ಕಾಲಿನವರೆಗೆ ಕರಿ ಚಾದರ. ಉಸ್ಮಾನ್‌ಸಾಬ್ ದೂರ ನಿಂತು ಯಾರದೋ ಜೇಬಿನಿಂದ ಏನೋ ಒಂದು ತೆಗೆದು, "ಲಾಲ್‌ಬೀ, ಏನೈತಿ ಹೇಳು" ಅಂದರೆ ಒಳಗಿನಿಂದ "ಬೀಡಿ ಕಟ್ಟು" ಅಂತ ಉತ್ತರ ಬರುತ್ತಿತ್ತು. "ಜಲ್ದಿ ಹೇಳು" ಅಂದರೆ ಕೀಲಿಕೈ. "ಖರೇ ಹೇಳು" ಅಂದರೆ ಕೈಗಡಿಯಾರ. ಗುಟ್ಟೆಲ್ಲ ಕೇಳುವ ರೀತಿಯಲ್ಲಿತ್ತು. ಆರು ವರ್ಷದವಳಿದ್ದಾಗಲೇ ಅವರಪ್ಪ ಅದನ್ನು ಕಲಿಸಿ, ಅದೇ ಚಾದರದಡಿ ಮಲಗಿಸಿದ್ದನಂತೆ. ಮದುವೆಯಾದ ಮೇಲೆ ಕೇಳುವವನು ಬದಲಾದ, ಚಾದರ ಅದೇ ಉಳಿಯಿತು.

ಎಂಬತ್ತೇಳರ ಬೇಸಿಗೆ. ಮಸ್ಕಿ ಸಂತೆ. ಲಾಲ್‌ಬೀಗೆ ಐದು ತಿಂಗಳು. ಬ್ಯಾಡ ಅಂದರೂ ಹೋದಳು. ಮಧ್ಯಾಹ್ನದ ಬಿಸಿಲು, ಕಾದ ನೆಲ, ಮೇಲೆ ಕರಿ ಚಾದರ. ಆರು ಪ್ರಶ್ನೆಗೆ ಉತ್ತರ ಹೇಳಿದಳಂತೆ. ಏಳನೆಯದಕ್ಕೆ ಮಾತು ಬರಲಿಲ್ಲ. ಉಸ್ಮಾನ್‌ಸಾಬ್ ಎರಡು ಸಲ, ಮೂರು ಸಲ ಕೇಳಿದ. ಜನ ಇದೂ ಆಟದ್ದೇ ಒಂದು ಭಾಗ ಅಂತ ತಿಳಿದು ಚಪ್ಪಾಳೆ ಹೊಡೆದರು. ಅವನು ಚಾದರ ಎಳೆದಾಗ ಸೀರೆಯೆಲ್ಲ ರಕ್ತವಾಗಿತ್ತು.

ಕೂಸು ಉಳಿಯಲಿಲ್ಲ. ಮುಂದೆಯೂ ಆಗಲಿಲ್ಲ. ಆ ಮೇಲೆ ಮುಖದ ಮೇಲೆ ಬಟ್ಟೆ ಬಂದರೆ ಸಾಕು, ಆಕೆಗೆ ಉಸಿರು ಕಟ್ಟುತ್ತಿತ್ತು. ಚಳಿಗಾಲದಲ್ಲೂ ಕೌದಿಯನ್ನು ಎದೆಯವರೆಗೆ ಮಾತ್ರ ಹೊದೆಯುತ್ತಿದ್ದಳು. ಉಸ್ಮಾನ್‌ಸಾಬ್ ಒಬ್ಬನೇ ಮೊಟ್ಟೆ, ಹಗ್ಗ ಅಂತ ತಿರುಗಿದ. ಮನಸು ಓದುವ ಆಟ ಇಲ್ಲದೆ ಜನ ನಿಲ್ಲುತ್ತಿರಲಿಲ್ಲ. ಐದು ವರ್ಷ ಆ ಮನೆಯಲ್ಲಿ ಒಲೆ ದಿನಕ್ಕೆ ಒಂದೇ ಹೊತ್ತು ಉರಿಯಿತು.

ತೊಂಬತ್ತೆರಡರಲ್ಲಿ ನಮ್ಮ ಸಾಲಿನ ಮುಂದೆ ಕನಕರಾಯ ಎಸ್‌ಟಿಡಿ ಅಂಗಡಿ ಇಟ್ಟ. ಅವನಿಗೆ ಸಣ್ಣವನಿದ್ದಾಗಲೇ ಪೋಲಿಯೋ ಆಗಿ ಒಂದು ಕಾಲು ಸೊರಗಿತ್ತು. ಹಾಗಾಗಿ ಸರ್ಕಾರದವರು ಅಂಗಡಿ ಮಂಜೂರು ಮಾಡಿದ್ದರು. ಆ ಅಂಗಡಿಯ ಕಟ್ಟೆಯ ಮೇಲೆಯೇ ನಾನು ರೊಟ್ಟಿ ಮಾರುತ್ತಿದ್ದೆ. ಲಾಲ್‌ಬೀ ನನ್ನ ಬದಿಗೆ ಬಂದು ಕೂತು, ಗಾಜಿನೊಳಗೆ ನಿಂತು ಕೂಗಿ ಕೂಗಿ ಮಾತಾಡುವ ಜನರನ್ನು ಗಂಟೆಗಟ್ಟಲೆ ನೋಡುತ್ತಿದ್ದಳು. ಒಂದು ದಿನ ಇದ್ದಕ್ಕಿದ್ದ ಹಾಗೆ ಅಂದಳು:

"ತಿಮ್ಮವ್ವಕ್ಕ, ಫೋನಿನ ಆ ಕಡಿ ಕುಂತಾಕಿ ಮುಖಾನೂ ಕಾಣಂಗಿಲ್ಲ ಅಲ್ಲ? ಚಾದರದಾಗ ಮಲಗಿದಂಗ."

"ಹೌದು, ಅದಕ್ಕೇನೀಗ?"

"ಉಸಿರು ಮಾತ್ರ ಕಟ್ಟಂಗಿಲ್ಲ."

ಹೀಗೆ ಆ ಆಟ ಹುಟ್ಟಿತು. ಉಸ್ಮಾನ್‌ಸಾಬ್ ಸಂತೆಯಲ್ಲಿ ಬಟ್ಟೆಯ ಮೇಲೆ ಏಳು ಸಾಮಾನು ಹರವುತ್ತಿದ್ದ. ಬಾಚಣಿಗೆ, ಕೀಲಿಕೈ, ನಿಂಬೆಹಣ್ಣು, ಬಳೆ, ಕನ್ನಡಿ, ಕಡ್ಡಿಪೆಟ್ಟಿಗೆ, ಉಳ್ಳಾಗಡ್ಡಿ. ಒಬ್ಬರನ್ನು ಕರೆದು ಒಂದನ್ನು ಮುಟ್ಟಿಸುವುದು. ಮುಟ್ಟಿದವರನ್ನೇ ಹತ್ತಿರದ ಎಸ್‌ಟಿಡಿಗೆ ಕಳಿಸುವುದು. ಜನವೂ ಹಿಂದೆ ಹೋಗುತ್ತಿತ್ತು. "ಲಿಂಗಸುಗೂರಿಗೆ ಹಚ್ಚರಿ. ಇಮಾಮ್‌ಬೀ ಅದಾರೇನ್ರೀ ಅಂತ ಕೇಳ್ರಿ. ಮತ್ತೇನೂ ಅನಬ್ಯಾಡ್ರಿ, ಏನೈತಿ ಹೇಳವ್ವ ಅನ್ರಿ ಸಾಕು."

ಇಮಾಮ್‌ಬೀ ಅಂತ ಯಾರೂ ಇರಲಿಲ್ಲ. ಆ ಹೆಸರು ಕೇಳಿದರೆ ನಿಂಬೆಹಣ್ಣು ಅಂತ ಲೆಕ್ಕ. ಮಕ್ತುಂಬೀಯನ್ನು ಕೇಳಿದರೆ ಕನ್ನಡಿ. ಸೂಗಮ್ಮನನ್ನು ಕೇಳಿದರೆ ಬಾಚಣಿಗೆ, ಪಾರ್ವತೆಮ್ಮ ಅಂದರೆ ಕೀಲಿಕೈ. ಹೀಗೆ ಏಳು ಸಾಮಾನಿಗೆ ಏಳು ಹೆಣ್ಣುಹೆಸರು. ಯಾವುದನ್ನು ಮುಟ್ಟಿದರು ಅಂತ ನೋಡಿ ಉಸ್ಮಾನ್‌ಸಾಬ್ ಆ ಹೆಸರು ಹೇಳಿಕೊಡುತ್ತಿದ್ದ. ಈ ಕಡೆ ಕನಕರಾಯನ ಅಂಗಡಿಯಲ್ಲಿ ಲಾಲ್‌ಬೀ ಯಾವ ಹೆಸರು ಬಂದರೂ "ಹೌದ್ರೀ, ನಾನ" ಅನ್ನುತ್ತಿದ್ದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿಯನ್ನು ಕೆಳಗಿಳಿಸಿ, "ಹಳದೀದು... ದುಂಡಗಿಂದು... ಹುಳಿ ವಾಸನಿ ಬರಾಕತ್ತೈತಿ... ನಿಂಬೆಹಣ್ಣು" ಅನ್ನುತ್ತಿದ್ದಳು. ಆ ಕಡೆ ಜನ ಹೋ ಅನ್ನುವುದು ಕಟ್ಟೆಯ ಮೇಲಿದ್ದ ನನಗೂ ಕೇಳುತ್ತಿತ್ತು. ಫೋನ್ ಇಟ್ಟ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಆ ನಗುವನ್ನು ನಾನು ಐದು ವರ್ಷದಿಂದ ಕಂಡಿರಲಿಲ್ಲ.

ಒಂದು ಊರಿಗೆ ಒಂದು ದಿನಕ್ಕೆ ಒಂದೇ ಸಲ ಆ ಆಟ. ಹಾಗಾಗಿ ಹೆಸರು ಬದಲಾಗುವುದು ಯಾರಿಗೂ ತಿಳಿಯುತ್ತಿರಲಿಲ್ಲ.

ಎರಡು ವರ್ಷದಲ್ಲಿ ಉಸ್ಮಾನ್‌ಸಾಬ್ ಒಂದು ಬೋರ್ಡು ಬರೆಸಿದ. 'ಫೋನಿನ ಅಂಜನ.' ನಮ್ಮ ಕಡೆ ಮನೆಯಲ್ಲಿ ಏನಾದರೂ ಕಳುವಾದರೆ ಅಂಜನ ಹಾಕುವವರ ಹತ್ತಿರ ಹೋಗುವುದುಂಟು. ವೀಳ್ಯದೆಲೆಗೆ ಕಪ್ಪು ಸವರಿ, ಅದರಲ್ಲಿ ದಿಟ್ಟಿಸಿ ನೋಡಿದರೆ ಕಳ್ಳರ ಮುಖ ಕಾಣುತ್ತದೆ ಅಂತ ನಂಬಿಕೆ. ಬೋರ್ಡು ನೋಡಿ ಲಾಲ್‌ಬೀ ಸಿಟ್ಟಾದಳು.

"ಆ ಹೆಸರು ಬ್ಯಾಡ್ರಿ. ಅಂಜನ ಅಂದ್ರ ಜನ ಕಳ್ಳರನ್ನ ಕೇಳಾಕ ಬರತಾರ."

"ಬರಲಿ ಬಿಡು, ಬಂದ್ರ ಜನ ಕೂಡತಾರ. ನಾವು ಹೇಳಿದ್ರ ತಾನ?"

"ಬಂದಾಗ ಹ್ಯಾಂಗ ಇಲ್ಲ ಅಂತೀರಿ?"

"ಅದೆಲ್ಲಾ ನಾ ನೋಡ್ಕೋತೀನಿ. ನೀ ಫೋನಿನ್ಯಾಗ ಚಂದಾಗಿ ಮಾತಾಡು ಸಾಕು."

ತೊಂಬತ್ತೈದರ ನೆಲ್ಲಿನ ಕೊಯ್ಲಿನ ಕಾಲ. ಬಳಗಾನೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಬಸ್ಸಪ್ಪ ಅಂತ ದೊಡ್ಡ ರೈತ. ಕಾಲುವೆ ನೀರಿನ ಗದ್ದೆ, ಟ್ರ್ಯಾಕ್ಟರ್, ಜೀಪು ಎಲ್ಲ ಇದ್ದವ. ಸಿಂಧನೂರು ಸಂತೆಯಲ್ಲಿ ಅವನೂ ಗುಂಪಿನಲ್ಲಿ ನಿಂತಿದ್ದ. ಅವನನ್ನೇ ಕರೆದು ಮುಟ್ಟಿಸಿದರು. ಅವನು ಮುಟ್ಟಿದ್ದು ನಿಂಬೆಹಣ್ಣು. ತಾನೇ ಫೋನ್ ಹಚ್ಚಿ, ಇಮಾಮ್‌ಬೀಯನ್ನು ಕೇಳಿ, ನಿಂಬೆಹಣ್ಣು ಅನ್ನುವುದನ್ನು ಕಿವಿಯಾರೆ ಕೇಳಿ ಬೆರಗಾಗಿ ಹೋಗಿದ್ದ.

ಅದಾದ ಎಂಟು ದಿನಕ್ಕೆ ಅವನ ಹೆಂಡತಿಯ ಬಂಗಾರದ ಗುಂಡಿನ ಬೋರಮಾಳ ಸರ ಕಳೆಯಿತು. ಆ ದಿನ ಮನೆಯೊಳಗೆ ನೆಲ್ಲು ಹೊತ್ತು ಹಾಕಿದವರು ಮೂವರು ಕೂಲಿ ಹೆಂಗಸರು. ಬಸ್ಸಪ್ಪ ಸೀದಾ ಸಿಂಧನೂರು ಸಂತೆಗೆ ಬಂದು ಉಸ್ಮಾನ್‌ಸಾಬನನ್ನು ಜೀಪಿನಲ್ಲಿ ಕೂರಿಸಿಕೊಂಡ. ಬಳಗಾನೂರಿನ ಎಸ್‌ಟಿಡಿ ಅಂಗಡಿಯ ಮುಂದೆ ಆ ಮೂವರನ್ನು ನಿಲ್ಲಿಸಿದ್ದರು. ಊರೇ ಕೂಡಿತ್ತು.

ಅಲ್ಲಿ ನಡೆದದ್ದನ್ನು ಉಸ್ಮಾನ್‌ಸಾಬನೇ ಆ ಸಂಜೆ ಹೇಳಿದ್ದು.

"ಸಾಹುಕಾರ್ರ, ಇದು ಹೊಟ್ಟಿಪಾಡಿನ ಆಟರೀ. ಕಳ್ಳರು ಗಿಳ್ಳರು ನಮಗ ತಿಳಿಯಂಗಿಲ್ಲ" ಅಂತ ಕೈಮುಗಿದನಂತೆ.

"ಹಂಗಂದ್ರ ಅವತ್ತು ಸಂತ್ಯಾಗ ನನಗ ಮೋಸ ಮಾಡಿದೇನಲೇ? ಬೋರ್ಡಿನ ಮ್ಯಾಲ ಅಂಜನ ಅಂತ ಬರಸೀದಿ. ಹೇಳಸ್ತೀಯೋ, ಇಲ್ಲಾ ಇವರ ಬಾಜೂಕ ನೀನೂ ನಿಲ್ತೀಯೋ?"

ಉಸ್ಮಾನ್‌ಸಾಬ್ ಹೆದರಿದರೂ ಒಂದು ಉಪಾಯ ಹೂಡಿದ. ಮೂವರ ಕೈಗೆ ಒಂದೊಂದು ಸಾಮಾನು ಕೊಟ್ಟ. ಒಬ್ಬಳಿಗೆ ಬಾಚಣಿಗೆ, ಒಬ್ಬಳಿಗೆ ಕೀಲಿಕೈ, ಇನ್ನೊಬ್ಬಳಿಗೆ ನಿಂಬೆಹಣ್ಣು. ಕನ್ನಡಿಯನ್ನು ಚೀಲದಲ್ಲೇ ಬಿಟ್ಟ. "ಕದ್ದವರ ಕೈಯಾಗ ಇದ್ದದ್ದನ್ನ ಆಕಿ ಹೇಳತಾಳ್ರಿ. ಮಕ್ತುಂಬೀ ಅದಾರೇನು ಅಂತ ಕೇಳ್ರಿ" ಅಂದ. ಮಕ್ತುಂಬೀ ಅಂದರೆ ಕನ್ನಡಿ. ಕನ್ನಡಿ ಯಾರ ಕೈಯಲ್ಲೂ ಇಲ್ಲ. ಕಳ್ಳರು ಇವರಲ್ಲಿ ಯಾರೂ ಅಲ್ಲ ಅಂತಾಗಿ ಮೂವರೂ ಬದುಕುತ್ತಿದ್ದರು.

ಬಸ್ಸಪ್ಪ ಫೋನ್ ಎತ್ತಿಕೊಂಡು ತಡೆದ. "ಮಕ್ತುಂಬೀ ಯಾಕ? ಅವತ್ತು ನನಗ ಖರೇ ಹೇಳಿದಾಕಿ ಇಮಾಮ್‌ಬೀ."

"ಇವತ್ತು ಆಕಿ ಇಲ್ರೀ..."

"ಇಲ್ಲಂದ್ರ ಅಲ್ಲಿದ್ದವರು ಕರಸಲಿ. ನನಗ ಹೊಸಬರು ಬ್ಯಾಡ, ಆಕಿನ ಬೇಕು."

ಅವನ ಮಟ್ಟಿಗೆ ಅದು ಸಹಜವೇ. ವೈದ್ಯರಾಗಲಿ ಅಂಜನದವರಾಗಲಿ, ಒಮ್ಮೆ ಗುಣ ಕಂಡವರ ಹತ್ತಿರವೇ ನಮ್ಮ ಜನ ಮತ್ತೆ ಹೋಗುವುದು. ಇಮಾಮ್‌ಬೀ ಅನ್ನುವುದು ಒಬ್ಬ ಹೆಂಗಸಿನ ಹೆಸರು ಅಂತ ಅವನು ತಿಳಿದಿದ್ದ.

ಈ ಕಡೆ ನಾನೂ ಲಾಲ್‌ಬೀಯೂ ಕಟ್ಟೆಯ ಮೇಲೆ ಪುಂಡಿಪಲ್ಲೆ ಹಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದೆವು. ಫೋನ್ ಬಂತು. ಕೈ ಒರೆಸಿಕೊಂಡು ಎದ್ದಳು. "ಹೌದ್ರೀ, ನಾನ ಇಮಾಮ್‌ಬೀ" ಅಂದಳು. ಆ ದಿನ ಆಕೆಯ ದನಿ ಭಾಳ ಚಂದ ಇತ್ತು. "ಹಳದೀದು... ದುಂಡಗಿಂದು..." ಅಂತ ನಿಧಾನಕ್ಕೆ, ಹಾಡಿದ ಹಾಗೆ ಹೇಳಿದಳು. ಆ ಕಡೆ ದೊಡ್ಡ ಗದ್ದಲವಾಯಿತು. ಫೋನ್ ಇಟ್ಟು ಬಂದು, "ಇವತ್ತು ಜನ ಭಾಳ ಕೂಡ್ಯಾರ ಅಕ್ಕಾ" ಅಂದು ಉಳಿದ ರೊಟ್ಟಿ ಮುರಿದಳು.

ನಿಂಬೆಹಣ್ಣು ಇದ್ದದ್ದು ಗಾಳೆಮ್ಮ ಅನ್ನುವವಳ ಕೈಯಲ್ಲಿ. ಇಪ್ಪತ್ತೆರಡು ವರ್ಷ. ಗಂಡ ಅಂಬಪ್ಪ ಬಸ್ಸಪ್ಪನ ಮನೆಯಲ್ಲೇ ವರ್ಷದ ಸಂಬಳದಾಳು. ಮೂರು ವರ್ಷದ ಒಂದು ಹೆಣ್ಣುಕೂಸು. ಸರ ಎಲ್ಲಿ ಅಂತ ಕೇಳಿದರು. ಕಟ್ಟಿ ಹೊಡೆದರು. ಜಡೆ ಕತ್ತರಿಸಿದರು. ಅಂಬಪ್ಪ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ನೋಡುತ್ತ ನಿಂತಿದ್ದ. ಸಾಹುಕಾರನ ಮುಂದೆ ತಾನೂ ಕಳ್ಳನಾಗಬಾರದು ಅಂತ, ತಾನೇ ಮುಂದೆ ಬಂದು ಎರಡು ಏಟು ಹಾಕಿದ. ಆಮೇಲೆ ಆಕೆಯನ್ನು ತವರಿಗೆ, ಪಾಮನಕಲ್ಲೂರಿಗೆ ಅಟ್ಟಿದ. ಕೂಸನ್ನು ತಾನೇ ಇಟ್ಟುಕೊಂಡ.

ಇದನ್ನು ಹೇಳುವಾಗ ಉಸ್ಮಾನ್‌ಸಾಬ್ ಗೋಡೆ ಕಡೆ ಮುಖ ಮಾಡಿ ಕೂತಿದ್ದ. ಲಾಲ್‌ಬೀ ಒಂದೇ ಒಂದು ಮಾತು ಕೇಳಿದಳು. "ನಾ ನಿಂಬೆಹಣ್ಣು ಅನ್ನೋವಾಗ ಆಕಿ ಅಲ್ಲೇ ನಿಂತಿದ್ಲೇನು?"

"ಹೂಂ."

ಮೂರನೇ ದಿನ ನನ್ನನ್ನು ಕರೆದುಕೊಂಡು ಪಾಮನಕಲ್ಲೂರಿನ ಬಸ್ಸು ಹತ್ತಿದಳು. ಗಾಳೆಮ್ಮ ತಾಯಿಯ ಮನೆಯ ಪಡಸಾಲೆಯಲ್ಲಿ ಸೆರಗು ಹಣೆಯವರೆಗೆ ಎಳೆದುಕೊಂಡು ಕೂತಿದ್ದಳು. ಒಂದು ಕಣ್ಣು ಇನ್ನೂ ಬಾತಿತ್ತು.

"ಯಾರವ್ವ ನೀವು?" ಅಂದಳು ತಾಯಿ.

"ನಾನು ಫೋನಿನ್ಯಾಗ ಮಾತಾಡಿದಾಕಿ."

ತಾಯಿ ಕಸಬರಿಗೆ ಎತ್ತಿದಳು. ಗಾಳೆಮ್ಮ ತಡೆದಳು. "ತಡಿಬೇ ಯವ್ವಾ. ನಾ ಒಂದು ಕೇಳಬೇಕು." ಲಾಲ್‌ಬೀಯ ಕಡೆ ತಿರುಗಿದಳು. "ನಾ ನಿನಗೇನು ಮಾಡಿದ್ದೆ? ನಿನ್ನ ಮುಖಾನೂ ಕಂಡಾಕಿ ಅಲ್ಲ."

"ನಿನ್ನ ಹೆಸರು ನಾ ಹೇಳಿಲ್ಲವ್ವ. ನಿಂಬೆಹಣ್ಣು ಅಂದೆ ಅಷ್ಟ. ಆ ಹೆಸರು ಕೇಳಿದ್ರ ಹಂಗನ್ನೋದು ನಮ್ಮ ಆಟ."

"ನಿಂಬಿಹಣ್ಣು ನನ್ನ ಕೈಯಾಗಿತ್ತು."

ಲಾಲ್‌ಬೀ ಅಲ್ಲೇ ನೆಲದ ಮೇಲೆ ಕೂತಳು.

"ನಿನ್ನ ಗಂಡ ಮೊದಲು ನನಗ ಬಾಚಣಿಗಿ ಕೊಡಾಕ ಬಂದ. ಬಾಜೂದಾಕಿ ಲಗೂನ ಕೈ ಚಾಚಿ ತಗೊಂಡ್ಲು. ನಿಂಬಿಹಣ್ಣು ನನಗ ಉಳೀತು." ಸೆರಗಿನೊಳಗೆ ಕೈ ಹಾಕಿ ಮೋಟು ಕೂದಲು ಮುಟ್ಟಿಕೊಂಡಳು. "ಜಡಿ ಹೋಗಲಿ, ಬೆಳೀತೈತಿ. ನನ್ನ ಕೂಸು ನಾ ಇಲ್ಲದ ಉಣ್ಣಂಗಿಲ್ಲ. ಅದನ್ನ ತಂದು ಕೊಡ್ತೀಯೇನು?"

"ಬಳಗಾನೂರಿಗೆ ಹೋಗತೀನಿ. ಎಲ್ಲಾರ ಮುಂದ ಆಟ ಬಿಚ್ಚಿ ತೋರಸ್ತೀನಿ. ಸುಳ್ಳು ಅಂತ ತಿಳಿದ ಮ್ಯಾಲ ನಿನ್ನ ಗಂಡ ಬಂದ ಬರತಾನ."

ಆ ರಾತ್ರಿ ಗೋಡೆಯಾಚೆ ಜಗಳ ಕೇಳಿತು. ಜಾದೂಗಾರರು ಗುಟ್ಟು ಬಿಚ್ಚುವುದು ಸಣ್ಣ ಮಾತಲ್ಲ. ಲಾಲ್‌ಬೀಯ ಅಪ್ಪ ಸಾಯುವಾಗ ಮಗಳ ಕೈ, ಅಳಿಯನ ಕೈ ಎರಡನ್ನೂ ಹಿಡಿದು ಆಣೆ ಹಾಕಿಸಿಕೊಂಡಿದ್ದನಂತೆ.

"ನಿಮ್ಮಪ್ಪಗ ಏನು ಮಾತು ಕೊಟ್ಟೀದಿ? ನಾಳಿಂದ ಏನು ತಿಂತೀ?"

"ಒಂದು ನಿಂಬೆಹಣ್ಣಿನ ಸಲುವಾಗಿ ಹೆಂಗಸಿನ ಜಡಿ ಕೊಯ್ತಾರ ಅಂತ ನಮ್ಮಪ್ಪ ಹೇಳಿದ್ದಿಲ್ಲ."

ಮರುದಿನದಿಂದ ನನಗೆ ಪಾಠ ಶುರುವಾಯಿತು. ಬಳಗಾನೂರಿನಲ್ಲಿ ಲಾಲ್‌ಬೀ ನಿಂತರೆ ಫೋನಿನ ಈ ಕಡೆ ಯಾರಾದರೂ ಬೇಕಲ್ಲ. "ನೀನ ಬೇಕು ಅಕ್ಕಾ. ರೊಟ್ಟಿ ಮಾರಾಕಿ ಹೇಳಿದ್ರನ ಅವರಿಗೆ ತಿಳಿಯೋದು, ಇದರಾಗ ಏನೂ ಮಂತ್ರ ಇಲ್ಲ ಅಂತ" ಅಂದಳು. ನಾನು ಹಿಟ್ಟು ನಾದುತ್ತ ಏಳು ಹೆಸರು, ಏಳು ಸಾಮಾನು ಬಾಯಿಪಾಠ ಮಾಡಿದೆ. ಸೂಗಮ್ಮ ಅಂದರೆ ಕೀಲಿಕೈ ಅಂದುಬಿಡುತ್ತಿದ್ದೆ.

"ಅಕ್ಕಾ, ನಿನ್ನ ರೊಟ್ಟಿ ದುಂಡಗ ಬರತಾವ, ಲೆಕ್ಕ ಯಾಕ ಸೊಟ್ಟ ಬರತೈತಿ?" ಅಂತ ಛೇಡಿಸಿದಳು. ಆಕೆ ನನ್ನನ್ನು ಛೇಡಿಸಿದ್ದು ಅದೇ ಕಡೆಯ ಸಲ.

ಆಟ ಬಿಚ್ಚಿ ತೋರಿಸುತ್ತೇನೆ ಅಂತ ಬಸ್ಸಪ್ಪನ ಹಳ್ಳಿಗೆ ಮೊದಲೇ ಹೇಳಿ ಕಳಿಸಿ, ಬಳಗಾನೂರಿಗೆ ಒಬ್ಬಳೇ ಹೋದಳು. ನಾನು ಕನಕರಾಯನ ಅಂಗಡಿಯಲ್ಲಿ ಫೋನಿನ ಮುಂದೆ ಬೆಳಿಗ್ಗೆಯಿಂದ ಕೂತೆ. ಹತ್ತೂವರೆ ಸುಮಾರಿಗೆ ಫೋನ್ ಬಂತು. ಒಬ್ಬ ಹೆಂಗಸಿನ ದನಿ, ಹೆದರಿದ ದನಿ. "ಸೂಗಮ್ಮ ಅದಾರೇನ್ರೀ?"

"ಹೌದವ್ವ, ನಾನ. ಬಾಚಣಿಗೆ" ಅಂದೆ. ಲಾಲ್‌ಬೀಯ ಹಾಗೆ ಹಾಡಿ ಹೇಳಲು ನನಗೆ ಬರಲಿಲ್ಲ.

ಆ ಕಡೆಯವರು ಫೋನನ್ನು ಇಡಲಿಲ್ಲ. ಲಾಲ್‌ಬೀ ಹಾಗೆಯೇ ಹಿಡಿದುಕೊಂಡಿರಬೇಕು ಅಂತ ಮೊದಲೇ ಹೇಳಿದ್ದಳು. ಹಾಗಾಗಿ ಎಲ್ಲವೂ ಕೇಳುತ್ತಿತ್ತು. ಆಕೆ ಒಂದೊಂದೇ ಹೆಸರು ಹೇಳಿ, ಒಂದೊಂದೇ ಸಾಮಾನು ಎತ್ತಿ ತೋರಿಸಿ ಬಿಡಿಸಿ ಹೇಳುತ್ತಿದ್ದಳು. "ಈಗ ಇಮಾಮ್‌ಬೀ ಅಂತ ಕೇಳ್ರಿ. ಯಾರರ ಕೇಳ್ರಿ. ನಿಂಬೆಹಣ್ಣು ಇಲ್ಲಿ ಇಲ್ಲ, ನಾ ತಂದೇ ಇಲ್ಲ. ಆದರೂ ಆಕಿ ನಿಂಬೆಹಣ್ಣು ಅಂತಾಳ, ನೋಡ್ರಿ."

ಒಬ್ಬ ಗಂಡಸು ಕೇಳಿದ. ನಾನು ನಿಂಬೆಹಣ್ಣು ಅಂದೆ.

"ನೋಡಿದ್ರಿಲ್ಲ? ಆಕಿ ಲಿಂಗಸುಗೂರಾಗ ರೊಟ್ಟಿ ಮಾರಾಕಿ, ತಿಮ್ಮವ್ವ. ಆಕಿಗೂ ಏನೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗಾಳೆಮ್ಮ ಕದ್ದಾಳ ಅಂತ ಯಾರೂ ಹೇಳಿಲ್ರಪಾ!"

ಸ್ವಲ್ಪ ಹೊತ್ತು ಗದ್ದಲವೇ ಇರಲಿಲ್ಲ. ನನಗೆ ಗೆದ್ದೆವು ಅನ್ನಿಸಿತು. ಆಮೇಲೆ ಒಬ್ಬ ಮುದುಕನ ದನಿ ಕೇಳಿತು. "ಅಂದ್ರ ಲಿಂಗಸುಗೂರಾಗ ಇಬ್ಬರು ಅದಾರ. ರೊಟ್ಟಿ ಮಾರಾಕಿಗೂ ಆ ವಿದ್ಯಾ ಒಲದೈತಿ."

"ಅಯ್ಯ ಯಜ್ಜಾ, ವಿದ್ಯಾ ಅಲ್ಲ..."

"ಸಾಕ್ ಬಿಡಬೇ," ಇದು ಬಸ್ಸಪ್ಪ ಇರಬೇಕು, "ಗಾಳೆಮ್ಮನ ಕಡೆಯವರು ನಿನಗ ಕಲಿಸಿ ಕಳಸ್ಯಾರ. ಇಷ್ಟು ದಿನ ಖರೇ ಆಗಿದ್ದು ಇವತ್ತು ಹ್ಯಾಂಗ ಸುಳ್ಳಾತು?"

ಕೂಗಾಟ ಎದ್ದಿತು. ಲಾಲ್‌ಬೀಯ ದನಿ ಅದರಲ್ಲಿ ಮುಳುಗಿ ಹೋಯಿತು. ಅಷ್ಟರಲ್ಲಿ ಯಾರೋ ಫೋನನ್ನು ಕಿತ್ತುಕೊಂಡ ಹಾಗೆ ಸದ್ದಾಯಿತು. ಏದುಸಿರು ಕೇಳಿಸಿತು. ಹಿಂದೆಯೇ ಒಂದು ಕೂಸು ಅಳುತ್ತಿತ್ತು.

"ಯವ್ವಾ, ನಾನು ಅಂಬಪ್ಪ. ಗಾಳೆಮ್ಮನ ಗಂಡ. ನನಗ ಈ ಬಾಚಣಿಗಿ, ಕನ್ನಡಿ ಏನೂ ತಿಳಿವಲ್ದು. ನೀನ ಹೇಳಬೇ. ನನ್ನ ಹೇಣ್ತಿ ಕದ್ದಾಳೋ ಇಲ್ಲೋ?"

ಇಷ್ಟು ಹೊತ್ತು ಲಾಲ್‌ಬೀ ಹೇಳಿದ್ದು ಒಂದು ಅಕ್ಷರವೂ ಅವನ ತಲೆಗೆ ಹೋಗಿರಲಿಲ್ಲ. ಅವನು ಫೋನನ್ನೇ ಕೇಳುತ್ತಿದ್ದ. 'ನನಗೇನು ಗೊತ್ತಪ್ಪ, ನಾನು ರೊಟ್ಟಿ ಮಾರಾಕಿ' ಅನ್ನಬೇಕಾಗಿತ್ತು. ಲಾಲ್‌ಬೀ ಅದಕ್ಕೇ ಅಲ್ಲವೇ ಹೋಗಿದ್ದು. ಆದರೆ ಆ ಕೂಸು ಬಿಡದೆ ಅಳುತ್ತಿತ್ತು. ಅತ್ತು ಅತ್ತು ದನಿ ಒಡೆದುಹೋಗಿತ್ತು.

"ಕದ್ದಿಲ್ಲಪಾ" ಅಂದೆ. "ನಿನ್ನ ಹೇಣ್ತಿ ಕದ್ದಿಲ್ಲ. ಹೋಗಿ ಕರಕೊಂಡ್ ಬಾ."

"ಕದ್ದಿಲ್ಲಂತ!" ಅಂತ ಅವನು ಕೂಗಿದ. "ಫೋನಿನ್ಯಾಗ ಹೇಳಿದ್ಲು, ಕದ್ದಿಲ್ಲಂತ!" ಜನ ಹೋ ಅಂದರು, ಸಂತೆಯಲ್ಲಿ ಅನ್ನುತ್ತಿದ್ದ ಹಾಗೆಯೇ.

ನಾನು ಕಣ್ಣು ಒರೆಸಿಕೊಳ್ಳುತ್ತಿದ್ದೆ. ಆಗ ಬಸ್ಸಪ್ಪನ ದನಿ ಹತ್ತಿರ ಬಂತು. ಈಗ ಅದರಲ್ಲಿ ಸಿಟ್ಟಿರಲಿಲ್ಲ, ಭಯಭಕ್ತಿ ಇತ್ತು.

"ಹಂಗಾದ್ರ ಉಳಿದ ಇಬ್ಬರಾಗ ಯಾರು ಹೇಳ್ರಿ ಯವ್ವಾ. ಬಾಚಣಿಗಿ ಹಿಡಿದಾಕೀನೋ, ಕೀಲಿಕೈ ಹಿಡಿದಾಕೀನೋ?"

ಫೋನ್ ಇಟ್ಟುಬಿಟ್ಟೆ. ಅದು ಮತ್ತೆ ಬಡಿದುಕೊಂಡಿತು. ನಿಂತಿತು. ಮತ್ತೆ ಬಡಿದುಕೊಂಡಿತು. ನಾನು ಮುಟ್ಟಲಿಲ್ಲ. ಕಡೆಗೆ ಕನಕರಾಯ ಎತ್ತಿ, "ಇಲ್ಲಿ ಯಾರೂ ಇಲ್ರೀ" ಅಂದು ಕುಕ್ಕಿದ.

ಮಧ್ಯಾಹ್ನದ ಬಸ್ಸಿಗೆ ಲಾಲ್‌ಬೀ ಇಳಿದಳು. ಆಕೆಯ ಹಿಂದೆ ಇಬ್ಬರು ಹೆಂಗಸರು ಗಂಟು ಮೂಟೆ, ಕೊಡ, ಮಕ್ಕಳನ್ನು ಎಳೆದುಕೊಂಡು ಇಳಿದರು. ಒಬ್ಬಳ ಗಂಡ ತಲೆಯ ಮೇಲೆ ಒಂದು ತಗಡಿನ ಪೆಟ್ಟಿಗೆ ಹೊತ್ತಿದ್ದ. ಲಾಲ್‌ಬೀಯ ಕಡೆ ಅವರು ತಿರುಗಿಯೂ ನೋಡಲಿಲ್ಲ. ಇನ್ನೊಂದು ಬಸ್ಸು ಹುಡುಕಿಕೊಂಡು ಹೋದರು.

"ಅವರ ಏನು?" ಅಂದೆ.

"ಹೂಂ. ಬಾಚಣಿಗಿದಾಕಿ, ಕೀಲಿಕೈದಾಕಿ. ಸಾಹುಕಾರ ಊಟಕ್ಕ ಹೋದಾಗ ಬಂದು ಬಸ್ ಹತ್ಯಾರ. ಎಲ್ಲಿಗೆ ಹೊಂಟ್ರೆವ್ವ ಅಂತ ಕೇಳಿದೆ. ಮಾತಾಡಲಿಲ್ಲ." ಕಟ್ಟೆಯ ಮೇಲೆ ಕೂತಳು. "ಯಾಕ ಹೇಳಿದಿ ಅಕ್ಕಾ?"

"ಆ ಕೂಸು ಅಳಾಕತ್ತಿತ್ತು."

ಆ ಹೆಂಗಸರು ಹೋದ ದಾರಿ ನೋಡಿದಳು. "ನಾನಿದ್ರೂ ಹಂಗ ಹೇಳತಿದ್ನೇನೋ" ಅಂದಳು. ಆ ವಿಷಯ ಆಕೆ ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಅಂಬಪ್ಪ ಅದೇ ದಿನ ಕೂಸನ್ನು ಹೆಗಲ ಮೇಲೆ ಹೊತ್ತು ಪಾಮನಕಲ್ಲೂರಿಗೆ ಹೋಗಿ ಹೆಂಡತಿಯನ್ನು ಕರೆತಂದ. ಬೋರಮಾಳ ಸರ ಏನಾಯಿತೋ ಇವತ್ತಿನವರೆಗೂ ಯಾರಿಗೂ ಗೊತ್ತಿಲ್ಲ. ಆ ಇಬ್ಬರು ಹೆಂಗಸರೂ ಆ ಊರಿಗೆ ತಿರುಗಿ ಬರಲಿಲ್ಲ. ಓಡಿ ಹೋದದ್ದಕ್ಕೆ ಅವರೇ ಕದ್ದವರು ಅಂತ ಊರು ತೀರ್ಮಾನ ಮಾಡಿತು.

ಫೋನಿನ ಆಟ ನಿಂತುಹೋಯಿತು. ನಿಲ್ಲದೆ ಇದ್ದದ್ದು ಫೋನು. ಆಡು ಕಳೆದುಕೊಂಡವರು, ಮಗ ಓಡಿಹೋದವರು, ಹೆಂಡತಿಯ ಮೇಲೆ ಸಂಶಯ ಬಂದವರು ಕನಕರಾಯನ ನಂಬರಿಗೆ ಹಚ್ಚಿ "ಇಮಾಮ್‌ಬೀ ಅದಾರೇನ್ರೀ?" ಅನ್ನುತ್ತಿದ್ದರು. ಗುಟ್ಟು ಬಿಚ್ಚಿದ ಮೇಲೆ ಹೆಚ್ಚು ಜನ ಕೇಳಲು ಶುರು ಮಾಡಿದರು. ಬೈದು ಬೈದು ಸಾಕಾಗಿ ಕನಕರಾಯ ಹೊರಗಿನಿಂದ ಬರುವ ಫೋನನ್ನು ಎತ್ತುವುದನ್ನೇ ಬಿಟ್ಟ. ಉಸ್ಮಾನ್‌ಸಾಬ್ ಗುಲ್ಬರ್ಗಾ ಕಡೆ ಹೋದವನು ವರ್ಷಕ್ಕೊಮ್ಮೆ ಬರುತ್ತಿದ್ದ. ಅಲ್ಲಿ ಇನ್ನೊಬ್ಬಳನ್ನು ಚಾದರದಡಿ ಮಲಗಿಸಿದ್ದಾನೆ ಅಂತ ಸುದ್ದಿ ಬಂತು. ಲಾಲ್‌ಬೀ ಹಳೆ ಸೀರೆ ಕೂಡಿಸಿ ಕೌದಿ ಹೊಲಿದು ಹೊಟ್ಟೆ ಹೊರೆದಳು. ಎಸ್‌ಟಿಡಿ ಅಂಗಡಿಯ ಮುಂದೆ ಹಾಯುವಾಗ ರಸ್ತೆಯ ಆ ಬದಿಗೆ ದಾಟುತ್ತಿದ್ದಳು.

ಎರಡು ವರ್ಷದ ಮೇಲೆ ಗಾಳೆಮ್ಮ ಮಗಳನ್ನು ಕರೆದುಕೊಂಡು ಒಮ್ಮೆ ಬಂದಳು. ಸರ್ಕಾರಿ ದವಾಖಾನೆಗೆ ಬಂದವಳು ಕೇಳಿಕೊಂಡು ಮನೆಗೆ ಬಂದಿದ್ದಳು. ಕೂದಲು ಬೆಳೆದಿತ್ತು. ನಾನು ಖುಷಿಯಿಂದ, "ಗಂಡ ಚಂದ ನೋಡ್ಕೋತಾನಿಲ್ಲವ್ವ?" ಅಂದೆ.

"ನೋಡ್ಕೋತಾನ. ಫೋನ್ ಹೇಳತಂತ ಹೊಡದ, ಫೋನ್ ಹೇಳತಂತ ಕರಕೊಂಡ. ನೀ ಕದ್ದೀಯೇನು ಅಂತ ನನ್ನ ಇವತ್ತಿನ ತನಕ ಕೇಳಿಲ್ಲ ನೋಡಬೇ."

ಆ ಹುಡುಗಿ ಲಾಲ್‌ಬೀಯ ಹೊಲಿಗೆಯ ಹತ್ತಿರ ಹೋಗಿ ನಿಂತಿತ್ತು.

"ನೀ ಮನಸಿನ್ಯಾಗ ಇದ್ದದ್ದು ಹೇಳತೀಯಂತ ಹೌದಾ ಆಯಿ? ನನ್ನ ಮನಸಿನ್ಯಾಗ ಏನೈತಿ ಹೇಳು."

ಲಾಲ್‌ಬೀ ಸೂಜಿ ಕೆಳಗಿಟ್ಟಳು. "ನನಗ ತಿಳಿಯಂಗಿಲ್ಲ ಕೂಸ. ನೀನ ಹೇಳು, ನಾ ಕೇಳತೀನಿ."

ಹುಡುಗಿ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಹೇಳಿತು. ಏನು ಅಂತ ನನಗೆ ಕೇಳಲಿಲ್ಲ. ಲಾಲ್‌ಬೀಯೂ ಹೇಳಲಿಲ್ಲ.

ತೊಂಬತ್ತೊಂಬತ್ತರ ಮಳೆಗಾಲದಲ್ಲಿ ಆಕೆಗೆ ಕೆಮ್ಮು ಹೆಚ್ಚಿ, ಬಾಯಲ್ಲಿ ರಕ್ತ ಬರತೊಡಗಿತು. ದವಾಖಾನೆಯವರು ಗುಳಿಗೆ ಕೊಟ್ಟು ಕಳಿಸಿದರು. ಕಡೆಯ ಹದಿನೈದು ದಿನ ನಾನೇ ಗಂಜಿ ಕುಡಿಸಿದೆ. ಚಳಿ ಬಂದಾಗ ಆಕೆ ತಾನೇ ಹೊಲಿದ ಕೌದಿ ಹೊದಿಸುತ್ತಿದ್ದೆ. ಪ್ರಜ್ಞೆ ಇಲ್ಲದಾಗಲೂ ಅದು ಗದ್ದ ಮುಟ್ಟಿದರೆ ಸಾಕು, ಕೈ ಎತ್ತಿ ಕೆಳಗೆ ತಳ್ಳುತ್ತಿದ್ದಳು.

"ಮುಖದ ಮ್ಯಾಲ ಬ್ಯಾಡ ಅಕ್ಕಾ."

"ಇಲ್ಲವ್ವ, ಹಾಕಂಗಿಲ್ಲ" ಅನ್ನುತ್ತಿದ್ದೆ.

ಒಂದು ಶುಕ್ರವಾರ ಮುಂಜಾನೆ ಹೋದಳು. ಉಸ್ಮಾನ್‌ಸಾಬಗೆ ಹೇಳಿ ಕಳಿಸಿದರೂ ಬರುವುದು ಆಗಲಿಲ್ಲ. ಅವರ ಮಂದಿಯ ಹೆಂಗಸರು ಲಾಲ್‌ಬೀಯ ಮೈ ತೊಳೆದು, ಬಿಳಿ ಬಟ್ಟೆ ಸುತ್ತಿ, ನೋಡುವವರು ನೋಡಲಿ ಅಂತ ಮುಖ ಒಂದನ್ನು ತೆರೆದಿಟ್ಟರು. ಎಲ್ಲರದೂ ಆದ ಮೇಲೆ ಒಬ್ಬಾಕೆ, "ಮುಚ್ಚೋಣೇನ್ರೀ?" ಅಂದಳು. ಸ್ವಲ್ಪ ತಡೀರಿ ಅಂದೆ. ಎಷ್ಟು ಹೊತ್ತು ಅಂತ ತಡೆದಾರು? ಆಕೆ ಬಟ್ಟೆಗೆ ಕೈ ಹಾಕಿದಾಗ ನಾನು ಎದ್ದು ಹೊರಗೆ ಬಂದೆ.